ಗೋಡೆಗೆ ಮುಖ ಮಾಡಿದ ಕುರ್ಚಿ

ಆಗಸ್ಟ್ ೪, ಸೋಮವಾರ

ಮೊದಲಿಗೆ ಕ್ಷಮೆ ಇರಲಿ. ಬರೆಯುವಂಥದ್ದೇನೂ ನನ್ನ ಬಳಿ ಇಲ್ಲ, ಆದರೂ ಬರೆಯುತ್ತಿದ್ದೇನೆ. ಯಾರ ಕ್ಷಮೆ ಕೇಳುತ್ತಿದ್ದೇನೆ ಎಂಬುದೂ ಗೊತ್ತಿಲ್ಲ, ಏಕೆಂದರೆ ಇದನ್ನು ಓದುವವರು ಯಾರೂ ಇಲ್ಲ. ಹಾಳೆಯ ಕ್ಷಮೆ ಅಂತಲೇ ಇಟ್ಟುಕೊಳ್ಳೋಣ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವರಿಗೆ ಇದೊಂದು ಚಟ. ಸಾರಿ ಅನ್ನದೆ ಬಾಗಿಲನ್ನೂ ತಳ್ಳುವುದಿಲ್ಲ. ನನ್ನ ಭಾಷೆಯೂ ಅಷ್ಟೆ. ಇಂಗ್ಲಿಷಿನಲ್ಲಿ ಯೋಚಿಸಲು ಹೋದರೆ ಕಾಲು ಜಾರುತ್ತದೆ, ಮನೆಮಾತಿನಲ್ಲಿ ಬರೆಯಲು ಕೂತರೆ ಕೈ ಹೆದರುತ್ತದೆ. ಅರ್ಧ ಅದು, ಅರ್ಧ ಇದು.

ಇವತ್ತು ಬರವಣಿಗೆಯ ಕ್ಲಾಸಿನಲ್ಲಿ ಮೇಡಂ ಈ ಸೆಮಿಸ್ಟರಿನ ಪದ್ಧತಿ ವಿವರಿಸಿದರು. ಇಬ್ಬಿಬ್ಬರ ಜೋಡಿ. ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬರ ಬಗ್ಗೆ ಎರಡು ಪುಟ ಬರೆಯಬೇಕು. ಅದನ್ನು ಮೊದಲು ಜೋಡಿಯವರು ಪೆನ್ಸಿಲ್ ಹಿಡಿದು ಓದಬೇಕು. ಬೇಡ ಅನ್ನಿಸಿದ್ದಕ್ಕೆ ಗೆರೆ, ಹೇಳಬೇಕು ಅನ್ನಿಸಿದ್ದನ್ನು ಪಕ್ಕದಲ್ಲಿ ಬರೆಯುವುದು. ಬರೆದವರು ಅದನ್ನು ತಿದ್ದಿಕೊಂಡು ಬಂದು ಕ್ಲಾಸಿಗೆ ಓದಿ ಹೇಳಬೇಕು. ಓದಿ ಮುಗಿಸಿದ ಮೇಲೆ ಗೋಡೆಗೆ ಮುಖ ಮಾಡಿ ಹಾಕಿದ ಒಂದು ಕುರ್ಚಿಯಲ್ಲಿ ಕೂರಬೇಕು. ಬೆನ್ನ ಹಿಂದೆ ಉಳಿದವರೆಲ್ಲ ಆ ಬರಹದ ಬಗ್ಗೆ ಮಾತಾಡುತ್ತಾರೆ. ಬರೆದವರು ತಿರುಗಬಾರದು, ತುಟಿ ಬಿಚ್ಚಬಾರದು.

"ಯಾಕ್ ಮೇಡಂ, ಪನಿಶ್‌ಮೆಂಟಾ?" ಹಿಂದಿನ ಬೆಂಚಿನಿಂದ ಒಂದು ಒಡಕು ದನಿ.

"ಅಲ್ಲಮ್ಮ. ನೀನು ಬರೆದದ್ದನ್ನ ಯಾರೋ ಎಲ್ಲೋ ಓದುವಾಗ, ಹಾಗಲ್ಲ ಹೀಗೆ ಅಂತ ಹೇಳೋಕೆ ನೀನು ಅವರ ಪಕ್ಕ ಇರಲ್ಲ. ಇಲ್ಲದೆ ಇರೋದನ್ನ ಸ್ವಲ್ಪ ಅಭ್ಯಾಸ ಮಾಡ್ಕೋ."

"ಹೆಣದ ಕುರ್ಚಿ ಅನ್ನಿ ಹಾಗಾದ್ರೆ."

ಕ್ಲಾಸೆಲ್ಲ ನಕ್ಕಿತು. ಮೇಡಮ್ಮೂ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ನಿಯಮವಿದೆ: ಮಾರ್ಕ್ಸ್ ಸಿಗುವುದು ಬರಹಕ್ಕಲ್ಲ, ಪೆನ್ಸಿಲಿಗೆ. ಯಾರು ಹೇಗೆ ಓದಿದರು ಎಂಬುದನ್ನಷ್ಟೇ ಮೇಡಂ ನೋಡುತ್ತಾರಂತೆ. ಕೊನೆಯಲ್ಲಿ ಜೋಡಿಯ ಇಬ್ಬರ ಬರಹವೂ ಒಂದೇ ಕವರಿನಲ್ಲಿ ಬರಬೇಕು. ಒಬ್ಬರದು ಇಲ್ಲದಿದ್ದರೆ ಇಬ್ಬರೂ ಫೇಲ್.

ಆ ಒಡಕು ದನಿಯವಳೇ ನನ್ನ ಜೋಡಿ. ಎಲ್ಲರೂ ಅವಳನ್ನು ಕಾಗೆ ಅನ್ನುತ್ತಾರೆ, ಅವಳಿಗೆ ಬೇಸರವೇನಿಲ್ಲ. "ಹೆಸರು ಹಿಡಿದು ಕರೆದ್ರೆ ಯಾರನ್ನೋ ಕರೀತಿದಾರೆ ಅಂದ್ಕೋತೀನಿ," ಅಂದಳು. ದಿನಾ ಮನೆಯಿಂದ ಬಸ್ಸಿನಲ್ಲಿ ಬಂದುಹೋಗುವವಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಯಾವಾಗ್ಲೂ ಯಾರೋ ಬೈಯೋಕೆ ಬರ್ತಿದಾರೆ ಅನ್ನೋ ಹಾಗೆ ಕೂತಿರ್ತೀಯಲ್ಲ, ಯಾಕೆ?" ಎಂದು ಕೇಳಿದಳು.

(ಇಲ್ಲೊಂದು ಸಾಲಿತ್ತು. ಹೊಡೆದುಹಾಕಿದೆ.)


ಆಗಸ್ಟ್ ೭, ಗುರುವಾರ

ಸ್ವಲ್ಪ ಸಮಾಧಾನ. ಯೋಚಿಸಿ ನೋಡಿದರೆ ಈ ಕೆಲಸ ನನಗೆ ಹೊಸದೇನಲ್ಲ.

ಶಾಲೆಯ ಹಾಸ್ಟೆಲಿನಲ್ಲಿ ಭಾನುವಾರ ಎಲ್ಲರೂ ಮನೆಗೆ ಪತ್ರ ಬರೆಯಬೇಕಿತ್ತು. ಚಿಕ್ಕವರ ಪತ್ರಗಳನ್ನು ಕವರಿಗೆ ಹಾಕುವ ಮುಂಚೆ ದೊಡ್ಡ ಕ್ಲಾಸಿನ ಒಬ್ಬಳು ಓದುತ್ತಿದ್ದಳು. ಅವಳಿಗೆ ಪತ್ರದಕ್ಕ ಅಂತ ಹೆಸರು. ಕೊನೆಯ ವರ್ಷಗಳಲ್ಲಿ ಪತ್ರದಕ್ಕ ನಾನೇ. ವಾರ್ಡನ್ ಹೇಳಿಕೊಟ್ಟ ಪಾಠ ಬಹಳ ಸರಳ: "ಮನೇಲಿ ಓದಿದವರ ಎದೆ ಧಸಕ್ ಅನ್ನಬಾರದು. ಅನ್ನೋ ಅಂಥ ಸಾಲು ಕಂಡ್ರೆ ತೆಗಿ."

ನಾನು ತೆಗೆಯುತ್ತಿದ್ದೆ. ಹಲ್ಲು ನೋಯುತ್ತಿದೆ, ನನ್ನನ್ನು ಆಟಕ್ಕೆ ಸೇರಿಸಲ್ಲ, ಹಾಸಿಗೆ ಒದ್ದೆಯಾಯಿತು, ಯಾವಾಗ ಬರ್ತೀರಾ. ಇಂಥವು ನನಗೆ ದೂರದಿಂದಲೇ ಕಾಣುತ್ತಿದ್ದವು, ಅಕ್ಕಿಯಲ್ಲಿ ಕಲ್ಲು ಕಾಣುವ ಹಾಗೆ. ಪುಟ್ಟಿಯರು ಮೂಗು ಒರೆಸಿಕೊಂಡು ಹೋಗಿ ನೀಟಾಗಿ ಮತ್ತೆ ಬರೆದು ತರುತ್ತಿದ್ದರು. ಎಲ್ಲರ ಪತ್ರವೂ ಕೊನೆಗೆ ಒಂದೇ ಥರ ಆಗುತ್ತಿತ್ತು. ಅದು ಒಳ್ಳೆಯದೇ ತಾನೆ? ಯಾರ ಮನೆಯಲ್ಲೂ ಯಾರೂ ಅಳಲಿಲ್ಲ. "ನಿನ್ನ ಕಣ್ಣು ಸೂಜಿ ಕಣೇ," ಅನ್ನುತ್ತಿದ್ದರು ವಾರ್ಡನ್. ನನ್ನನ್ನು ಯಾರಾದರೂ ಹೊಗಳಿದ್ದು ಅಂತ ನೆನಪಿರುವುದು ಅದೊಂದೇ.

ಇವತ್ತೂ ಮೆಸ್ಸಿಗೆ ಹೋಗಲಿಲ್ಲ. ಹಸಿವಿರಲಿಲ್ಲ. ಅಷ್ಟು ಜನರ ಮಧ್ಯೆ ತಟ್ಟೆ ಹಿಡಿದು ಯಾವ ಟೇಬಲ್ಲಿಗೆ ಅಂತ ನೋಡುತ್ತಾ ನಿಲ್ಲುವುದಕ್ಕಿಂತ ರೂಮಿನಲ್ಲಿ ಬಿಸ್ಕತ್ತೇ ವಾಸಿ.

(ಮತ್ತೊಂದು ಸಾಲು ಹೊಡೆದುಹಾಕಿದೆ. ಕ್ಷಮಿಸಿ.)


ಆಗಸ್ಟ್ ೧೧, ಸೋಮವಾರ

ಕಾಗೆ ತನ್ನ ಎರಡು ಪುಟ ಕೊಟ್ಟಳು. ಬರಹ ಅವಳ ಅಪ್ಪನ ಬಗ್ಗೆ. ಲೈಬ್ರರಿಯ ಮೂಲೆಯ ಮೇಜಿನಲ್ಲಿ ಕೂತು ಓದಿದೆ.

ಅವಳ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಗಂಟಲಲ್ಲಿ ಗೆಡ್ಡೆಯಾಗಿ, ಆಪರೇಷನ್ ಆಗಿ, ದನಿ ಹೋಯಿತು. ಈಗ ಮನೆಯಲ್ಲಿ ಯಾರನ್ನಾದರೂ ಕರೆಯಬೇಕಾದರೆ ಹಳೆಯ ಕಂಡಕ್ಟರ್ ಸೀಟಿ ಊದುತ್ತಾರೆ. ಒಂದು ಸೀಟಿ ಅಂದರೆ ನಿಲ್ಲು, ಎರಡು ಅಂದರೆ ಹೋಗು. ಉಳಿದದ್ದೆಲ್ಲ ಕೈಸನ್ನೆ. ಅವಳು ಅದನ್ನು ನೋಡಿ ಅಮ್ಮನಿಗೆ, ಅಣ್ಣನಿಗೆ ಹೇಳುತ್ತಾಳೆ. ಮನೆಯಲ್ಲಿ ಅವರ ಸನ್ನೆ ತಿಳಿಯುವುದು ಅವಳೊಬ್ಬಳಿಗೇ.

ಚೆನ್ನಾಗಿಯೇ ಇದೆ. ಆದರೆ ಮಧ್ಯೆ ಮಧ್ಯೆ ಎಂಥೆಂಥ ಸಾಲುಗಳು! 'ದನಿ ಇದ್ದಾಗ ಅಪ್ಪ ನಮ್ಮ ಜೊತೆ ಇಷ್ಟು ಮಾತಾಡುತ್ತಿರಲಿಲ್ಲ.' 'ಒಂದೊಂದು ಸಲ ನಾನು ಅಪ್ಪ ಹೇಳಿದ್ದಕ್ಕಿಂತ ಸ್ವಲ್ಪ ಒಳ್ಳೆಯದನ್ನೇ ಅಮ್ಮನಿಗೆ ಹೇಳುತ್ತೇನೆ. ಇಲ್ಲದಿದ್ದರೆ ಇವರಿಬ್ಬರೂ ಎಂದೋ ಬೇರೆಯಾಗುತ್ತಿದ್ದರು.' 'ಸೀಟಿ ಕಳೆದುಹೋದ ದಿನ ಮನೆಯವರೆಲ್ಲ ಹುಡುಕಿದರು. ನಾನು ಹುಡುಕುವ ಹಾಗೆ ಮಾಡಿದೆ.' ಅವರಪ್ಪ ಇದನ್ನು ಓದಿಬಿಟ್ಟರೆ? ಅಮ್ಮ ಓದಿದರೆ?

ಪೆನ್ಸಿಲ್ ಚೂಪು ಮಾಡಿಕೊಂಡು ಗೆರೆ ಎಳೆದೆ. ಸ್ಕೇಲ್ ಇಟ್ಟು, ನೇರವಾಗಿ. ಪಕ್ಕದಲ್ಲಿ 'ಇದು ಬೇಡ ಅನ್ನಿಸುತ್ತದೆ, ಸಾರಿ' ಎಂದು ಬರೆದೆ. ಕೊನೆಗೊಂದು ಪ್ಯಾರಾ ಬೇಕೆನ್ನಿಸಿತು: ಅಪ್ಪ ಹೋರಾಟಗಾರ, ಅವರ ಮೌನವೇ ನಮಗೆ ಪಾಠ, ಅಂತ. ಮಾದರಿಗೆ ನಾನೇ ಒಂದು ಬರೆದುಕೊಟ್ಟೆ. ತುಂಬ ದಿನಗಳ ಮೇಲೆ ಒಂದು ಕೆಲಸವನ್ನು ಪೂರ್ತಿ ಮಾಡಿ ಮುಗಿಸಿದ ಹಾಗಾಯಿತು.


ಆಗಸ್ಟ್ ೧೨, ಮಂಗಳವಾರ

ಕ್ಯಾಂಟೀನಿನಲ್ಲಿ ಕಾಗೆ ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇಷ್ಟೊಂದು ಹೊಡೆದಿದೀಯಲ್ಲೇ. ಮೀನಿನ ಮುಳ್ಳು ತೆಗೆದ ಹಾಗೆ ತೆಗೆದಿದೀಯ."

"ಸಾರಿ. ನೋವಾಗುತ್ತೆ ಅಂತ..."

"ಯಾರಿಗೆ?"

"ಓದೋರಿಗೆ. ನಿಮ್ಮಪ್ಪಂಗೆ."

ಅವಳು ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದಳು. "ನಂಗೆ ಆ ಸೀಟಿ ಕಳೆದ ಸಾಲು ಇಷ್ಟ ಇತ್ತು," ಅಂದಳು. ಆಮೇಲೆ ಭುಜ ಕುಣಿಸಿ, "ಆಗ್ಲಿ ಬಿಡು. ದೊಡ್ಡ ಸ್ಕೂಲಲ್ಲಿ ಓದಿದೋಳು, ನಿಂಗೆ ಗೊತ್ತಿರುತ್ತೆ. ನಾನು ಅಂದ್ಕೊಂಡಿದ್ದೆಲ್ಲ ಬರೆದಿಟ್ಟಿದ್ದೆ ಅಷ್ಟೆ."

ನನ್ನ ಮಾತನ್ನು ಯಾರೋ ನಂಬಿದ್ದು ಖುಷಿ ಅನ್ನಿಸಬೇಕಿತ್ತು.


ಆಗಸ್ಟ್ ೧೮, ಸೋಮವಾರ

ಕಾಗೆ ಓದಿದಳು. ಅವಳ ಒಡಕು ದನಿಗೂ ಆ ನುಣುಪು ವಾಕ್ಯಗಳಿಗೂ ಹೊಂದಿಕೆಯೇ ಆಗಲಿಲ್ಲ. ಯಾರದೋ ಅಂಗಿ ತೊಟ್ಟುಕೊಂಡವಳ ಹಾಗೆ ಕೇಳಿಸುತ್ತಿತ್ತು. ಓದಿ ಮುಗಿಸಿ ಕುರ್ಚಿಯಲ್ಲಿ ಕೂತಳು. ಕೂರುವಾಗ "ಎಲ್ಲರಿಗೂ ಕೊನೇ ನಮಸ್ಕಾರ," ಅಂದಳು, ಒಂದಿಷ್ಟು ಜನ ನಕ್ಕರು.

ಆಮೇಲೆ ಏನೂ ಇಲ್ಲ.

ಒಬ್ಬಳು "ಚೆನ್ನಾಗಿದೆ, ಸೆಂಟಿಮೆಂಟ್ ಇದೆ," ಅಂದಳು. ಮುಂದಿನ ಬೆಂಚಿನವನು "ಪಾಪ," ಅಂದ. ಯಾರೋ ಆಕಳಿಸಿದರು. ಮೇಡಂ "ಮತ್ತೆ? ಯಾರಿಗಾದರೂ ಏನಾದರೂ ಕೇಳಬೇಕು ಅನ್ನಿಸ್ತಾ?" ಅಂತ ಕಾದರು. ಅನ್ನಿಸಿರಲಿಲ್ಲ. ಫ್ಯಾನಿನ ಸದ್ದು ಮಾತ್ರ. ನಾನು ಕಾಗೆಯ ಬೆನ್ನನ್ನೇ ನೋಡುತ್ತಿದ್ದೆ. ಅವಳ ಅಂಗಿಯ ಕಾಲರಿನ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಅವಳು ಅಲುಗಾಡಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಹಿಂದಿನಿಂದ ಓಡಿಹೋಗಿ ಹಿಡಿದೆ. "ಎಲ್ಲರೂ ಚೆನ್ನಾಗಿದೆ ಅಂದ್ರಲ್ಲ."

ಅವಳು ತಿರುಗಿದಳು. ಅಳುತ್ತಿರಲಿಲ್ಲ, ಅದೇ ಕಷ್ಟ. "ನಮ್ಮಪ್ಪನ್ನ ಗೋಡೆ ಮೇಲಿನ ಫೋಟೋ ಮಾಡಿಸಿಬಿಟ್ಟೆ ನನ್ನ ಕೈಲಿ. ಇನ್ನೂ ಬದುಕಿದಾರೆ ಕಣೇ ಅವ್ರು. ಬೆಳಗ್ಗೆ ಗಂಜಿ ಬಿಸಿ ಇಲ್ಲ ಅಂತ ತಟ್ಟೆ ತಳ್ಳಿದ್ರು." ಎರಡು ಹೆಜ್ಜೆ ಹೋಗಿ ಮತ್ತೆ ನಿಂತಳು. "ನಿಂಗೆ ಒಂದು ಹೆಸರಿಡಬೇಕು ಅಂತ ಯೋಚಿಸ್ತಿದ್ದೆ. ಸಿಕ್ತು. ರಬ್ಬರ್."


ಆಗಸ್ಟ್ ೧೯

ತಲೆನೋವು. ಕ್ಲಾಸಿಗೆ ಹೋಗಲಿಲ್ಲ.


ಆಗಸ್ಟ್ ೨೨, ಶುಕ್ರವಾರ

ಮೇಡಂ ಕರೆಸಿದರು. ಅವರ ಕೋಣೆ ಚಿಕ್ಕದು. ಎರಡನೆಯ ಕುರ್ಚಿಯ ಮೇಲೆ ಪುಸ್ತಕಗಳಿದ್ದವು, ತೆಗೆದು ನೆಲದ ಮೇಲಿಟ್ಟು ಕೂರಿಸಿದರು. ಮೇಜಿನ ಮೇಲೆ ಕಾಗೆಯ ಮೊದಲಿನ ಬರಹ, ನನ್ನ ಗೆರೆಗಳ ಸಮೇತ. ಬೈಯುತ್ತಾರೆ ಅಂತ ಮೊದಲೇ ಸಾರಿ ಹೇಳಿಬಿಟ್ಟೆ.

"ಇನ್ನೂ ನಾನು ಏನೂ ಹೇಳೇ ಇಲ್ವಲ್ಲಮ್ಮ," ಅಂದರು. "ನೀನು ಹೊಡೆದ ಸಾಲುಗಳನ್ನೆಲ್ಲ ಒಂದೇ ಕಡೆ ಬರೆದುಕೊಂಡೆ. ಉಳಿಸಿದ್ದನ್ನ ಬಿಟ್ಟು. ಕೇಳು."

ಓದಿದರು. ದನಿ ಇದ್ದಾಗ ಅಪ್ಪ ನಮ್ಮ ಜೊತೆ ಇಷ್ಟು ಮಾತಾಡುತ್ತಿರಲಿಲ್ಲ. ಅಲ್ಲಿಂದ ಹಿಡಿದು, ನಾನು ಹುಡುಕುವ ಹಾಗೆ ಮಾಡಿದೆ ಎಂಬಲ್ಲಿಯವರೆಗೆ. ಒಂದರ ಹಿಂದೆ ಒಂದು, ಎಲ್ಲೂ ತಡವರಿಸದೆ. ಒಂದು ಮನೆ ಇತ್ತು, ಅದರೊಳಗೆ ಜನ ಇದ್ದರು.

"ಬರಹ ಅಂದ್ರೆ ಇದು. ನೀನು ಉಳಿಸಿಕೊಟ್ಟದ್ದು ಹೊದಿಕೆ."

"ಸಾರಿ ಮೇಡಂ."

"ಅಯ್ಯೋ, ಬಿಡು ಅದನ್ನ. ನಂಗೆ ಆಶ್ಚರ್ಯ ಆಗಿರೋದು ಬೇರೆ. ಓದೋಕೆ ಬರದೇ ಇರೋರು ಹೀಗೆ ಗೆರೆ ಎಳೆದ್ರೆ ಒಂದೆರಡಾದ್ರೂ ತಪ್ಪಿಸ್ಕೊಂಡು ಉಳಿಯುತ್ತೆ. ನಿನ್ನ ಕೈಯಿಂದ ಒಂದೂ ತಪ್ಪಿಸ್ಕೊಂಡಿಲ್ಲ. ಇವೇ ಅಂತ ಹೇಗೆ ಗೊತ್ತಾಯ್ತು ನಿಂಗೆ?"

"ಎದೆ ಧಸಕ್ ಅಂತು," ಅಂದೆ.

"ಹಾಂ. ಅಲ್ಲೇ ನಿಲ್ಲು. ಗೆರೆ ಎಳೀಬೇಡ. ಇಲ್ಲಿ ಧಸಕ್ ಅಂತು ಅಂತ ಪಕ್ಕದಲ್ಲಿ ಬರಿ. ಕೆಲಸ ಅಷ್ಟೇ. ಇಟ್ಕೋಬೇಕಾ, ತೆಗೀಬೇಕಾ ಅನ್ನೋದು ಬರೆದವಳ ಪಾಡು."

ಎದ್ದು ಬರುವಾಗ ಅವರು ಕೇಳಿದರು: "ಊಟ ಗೀಟ ಮಾಡ್ತೀಯೇನಮ್ಮ ಸರಿಯಾಗಿ?" ಮಾಡ್ತೀನಿ ಮೇಡಂ ಅಂದೆ.

ಮೆಟ್ಟಿಲಿಳಿಯುತ್ತಾ ಒಂದು ಲೆಕ್ಕ ತಲೆಗೆ ಬಂತು. ಹಾಸ್ಟೆಲಿನ ಆ ಪತ್ರಗಳೆಲ್ಲ. ಆ ಪುಟ್ಟಿಯರೆಲ್ಲ. ಅದನ್ನು ಮುಂದಕ್ಕೆ ಯೋಚಿಸಲಾಗಲಿಲ್ಲ.


ಆಗಸ್ಟ್ ೨೪, ಭಾನುವಾರ

ಅಮ್ಮನ ಫೋನು. ಅಮ್ಮ ಸೇತುವೆಗಳನ್ನು ಪರೀಕ್ಷೆ ಮಾಡುವ ಕೆಲಸದವಳು. ಬಿರುಕು ಎಲ್ಲಿದೆ, ತುಕ್ಕು ಎಷ್ಟಿದೆ ಅಂತ ನೋಡುತ್ತಾ ಊರೂರು ತಿರುಗುತ್ತಾಳೆ. ಅದಕ್ಕೇ ನಾನು ಹಾಸ್ಟೆಲು. ಹೇಗಿದೀಯಾ ಅಂದಳು, ಚೆನ್ನಾಗಿದೀನಿ ಅಂದೆ. ನೀನು? ಚೆನ್ನಾಗಿದೀನಿ. ಆಮೇಲೆ ಇಬ್ಬರೂ ಅವಳ ಕಡೆಯ ಗಾಳಿಯ ಸದ್ದು ಕೇಳಿಸಿಕೊಂಡೆವು.


ಆಗಸ್ಟ್ ೨೮, ಗುರುವಾರ

ನನ್ನ ಎರಡು ಪುಟ ಕಾಗೆಗೆ ಕೊಟ್ಟು ಮೂರು ದಿನವಾಗಿತ್ತು. 'ನನ್ನ ಅಮ್ಮ' ಅಂತ ಬರೆದಿದ್ದೆ. ಅಮ್ಮ ಧೈರ್ಯವಂತೆ, ಕಷ್ಟಸಹಿಷ್ಣು, ನನ್ನ ಸ್ಫೂರ್ತಿ. ಇವತ್ತು ವಾಪಸು ಬಂತು. ಗೆರೆ ಒಂದೂ ಇಲ್ಲ. ಮೊದಲ ಪ್ಯಾರಾದ ಪಕ್ಕದಲ್ಲಿ, ಅವಳ ದಪ್ಪ ಅಕ್ಷರದಲ್ಲಿ: 'ಇದು ಯಾರ ಅಮ್ಮ?' ಎರಡನೆಯದರ ಪಕ್ಕ: 'ಯಾರ ಅಮ್ಮ ಬೇಕಾದರೂ ಆಗಬಹುದು.' ಮೂರನೆಯದರ ಪಕ್ಕ: 'ಇಲ್ಲಿ ಮಲಗಿಬಿಟ್ಟೆ.' ಕೊನೆಯ ಪುಟದ ಕೆಳಗೆ: 'ನಿಮ್ಮಮ್ಮ ಒಂದೇ ಒಂದು ಸಲ ಬಾಗಿಲು ತೆಗೆದು ಒಳಗೆ ಬಂದಿದ್ದರೆ ಸಾಕಾಗಿತ್ತು.'

ಓದಿ ಬಾತ್‌ರೂಮಿಗೆ ಹೋಗಿ ಕೂತೆ. ಅವಳು ಸೇಡು ತೀರಿಸಿಕೊಂಡಿದ್ದಾಳೆ ಅಂತ ಒಂದು ಗಂಟೆ. ಅವಳು ಹೇಳಿದ್ದು ಸರಿ ಅಂತ ಇನ್ನೊಂದು ಗಂಟೆ. ಎರಡನೆಯದೇ ಹೆಚ್ಚು ನೋವು.


ಸೆಪ್ಟೆಂಬರ್ ೧, ಸೋಮವಾರ

ಹಾಳೆಯಿಂದ ತಲೆ ಎತ್ತದೆ ಓದಿ ಮುಗಿಸಿ ಕುರ್ಚಿಯಲ್ಲಿ ಕೂತೆ. ಹತ್ತಿರದಿಂದ ಗೋಡೆ ನೋಡಿದ್ದೇನೆ ಈಗ. ತಿಳಿ ಹಸಿರು ಬಣ್ಣ, ಅದರ ಕೆಳಗೆ ಹಳೆಯ ನೀಲಿ. ಬಣ್ಣ ಎದ್ದ ಕಡೆ ಯಾರೋ ಉಗುರಿನಿಂದ ಕೆರೆದು ದೊಡ್ಡದು ಮಾಡಿದ್ದಾರೆ. ನನಗಿಂತ ಮುಂಚೆ ಕೂತವರೇ ಇರಬೇಕು. ನನಗೂ ಕೆರೆಯಬೇಕೆನ್ನಿಸಿತು.

ಹಿಂದೆ ಯಾರೋ "ಗ್ರಾಮರ್ ಚೆನ್ನಾಗಿದೆ," ಅಂದರು. ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಕಾಗೆ ಏನಾದರೂ ಹೇಳುತ್ತಾಳೆ ಅಂತ ಕಾದೆ. ಅವಳ ದನಿ ಬರಲಿಲ್ಲ. ಗಂಟೆ ಹೊಡೆದ ಮೇಲೆ ತಿರುಗಿ ನೋಡಿದರೆ ಅವಳ ಜಾಗ ಖಾಲಿ. ಅವಳು ಬಂದೇ ಇರಲಿಲ್ಲ. ನಾನು ಅಷ್ಟು ಹೊತ್ತು ಅವಳು ಹಿಂದೆ ಇದ್ದಾಳೆ ಅಂತಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.


ಸೆಪ್ಟೆಂಬರ್ ೩, ಬುಧವಾರ

ಕಾಗೆಯ ಮೆಸೇಜ್ ಬಂತು. ಅಪ್ಪನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದಾರೆ. ಗೆಡ್ಡೆ ಮತ್ತೆ ಬಂದಿದೆಯಂತೆ. 'ಕಾಲೇಜಿಗೆ ಬರಲ್ಲ ಇನ್ನು. ಅಣ್ಣ ಕೆಲಸಕ್ಕೆ ಹೋಗಲೇಬೇಕು, ಅಮ್ಮಂಗೆ ಅಪ್ಪ ಹೇಳೋದು ಗೊತ್ತಾಗಲ್ಲ. ಕವರಿಗೆ ನನ್ನ ಹಳೇದನ್ನೇ ಹಾಕಿ ಕೊಟ್ಬಿಡು. ನೀನು ನೀಟ್ ಮಾಡಿದ್ದನ್ನ. ನಿಂದಾದ್ರೂ ಪಾಸಾಗಲಿ.'

'ಧೈರ್ಯವಾಗಿರು, ಎಲ್ಲಾ ಸರಿಹೋಗುತ್ತೆ' ಎಂದು ಟೈಪ್ ಮಾಡಿದೆ. ಕಳಿಸುವ ಮುಂಚೆ ಓದಿದೆ. ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು. ಅಳಿಸಿ, 'ಯಾವ ವಾರ್ಡು?' ಎಂದು ಕೇಳಿದೆ.


ಸೆಪ್ಟೆಂಬರ್ ೭, ಭಾನುವಾರ

ಅಮ್ಮ ಫೋನ್ ಮಾಡಿದಾಗ ಹೇಗಿದೀಯಾ ಅಂದಳು. ಊಟ ಸೇರ್ತಿಲ್ಲ ಅಮ್ಮಾ, ಮೆಸ್ಸಿಗೆ ಹೋಗೋಕೆ ಭಯ ಅಂದೆ. ಆ ಕಡೆ ಗಾಳಿ. ಆಮೇಲೆ "ಯಾವಾಗಿಂದ?" ಅಂದಳು. ಗೊತ್ತಿಲ್ಲ ಅಂದೆ. "ಚಿಕ್ಕೋಳಿದ್ದಾಗ್ಲೂ ಹೀಗೇ ಇತ್ತಾ? ಆ ಹಾಸ್ಟೆಲಲ್ಲಿ?" ಅಂದಳು. ಹೂಂ ಅಂದೆ. "ನೀನು ಒಂದು ಸಲಾನೂ ಬರೀಲಿಲ್ಲವಲ್ಲೇ," ಅಂದಳು. ಅವಳ ದನಿ ಏನೋ ಆಯಿತು, ಮೇಲಿನವರು ಕರೀತಿದಾರೆ ಅಂತ ಇಟ್ಟುಬಿಟ್ಟಳು. ಅಮ್ಮನಿಗೆ ನೋವು ಮಾಡಿದೆ. ಯಾಕೆ ಹೇಳಿದೆನೋ.

ಸಂಜೆ ಮತ್ತೆ ಫೋನ್ ಮಾಡಿ, ಏನು ತಿಂದೆ ಅಂತ ಕೇಳಿದಳು. ಇವತ್ತು ತಿಂದಿದ್ದೆ.


ಸೆಪ್ಟೆಂಬರ್ ೯, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆ. ಕಾರಿಡಾರಿನ ಬೆಂಚಿನ ಮೇಲೆ ಕಾಗೆ ಕಾಲು ಮಡಚಿಕೊಂಡು ಕೂತಿದ್ದಳು. ಕೂದಲು ಎಣ್ಣೆ ಕಂಡು ದಿನವಾಗಿತ್ತು.

"ಬಾರೇ ರಬ್ಬರ್. ಹಣ್ಣು ಗಿಣ್ಣು ತಂದಿಲ್ಲ ತಾನೆ? ಅವರು ನುಂಗಲ್ಲ, ನಾನು ತಿಂದು ತಿಂದು ಸಾಕಾಗಿದೆ."

"ತಂದಿಲ್ಲ."

"ಬುದ್ಧಿವಂತೆ."

ಒಳಗೆ ಒಂದು ಕ್ಷಣ ಬಿಟ್ಟರು. ನಾನು ಕಾಗೆಯ ಬರಹದಲ್ಲಿ ಕಂಡಿದ್ದವರು ದೊಡ್ಡ ಮನುಷ್ಯ, ಹಾಸಿಗೆಯಲ್ಲಿದ್ದವರು ಚಿಕ್ಕವರು. ಗಂಟಲಿಗೆ ನಳಿಕೆ. ಅದನ್ನು ಕಿತ್ತುಕೊಳ್ಳಬಾರದೆಂದು ಕೈಗಳನ್ನು ಬಟ್ಟೆಯಲ್ಲಿ ಸುತ್ತಿ ಮಂಚಕ್ಕೆ ಕಟ್ಟಿದ್ದರು. ಸೀಟಿಯನ್ನು ನರ್ಸಮ್ಮ ಡ್ರಾಯರಿನಲ್ಲಿಟ್ಟಿದ್ದಾರಂತೆ, ಬೇರೆ ಪೇಷಂಟುಗಳಿಗೆ ತೊಂದರೆ ಅಂತ. ಕೈ ಇಲ್ಲ, ಸೀಟಿ ಇಲ್ಲ. ಕಣ್ಣು ಮಾತ್ರ ನಮ್ಮಿಬ್ಬರ ಮೇಲೆ ಓಡಾಡುತ್ತಿತ್ತು.

ಹೊರಗೆ ಬಂದು ಕಾಗೆಗೆ ಹೇಳಿದೆ: "ನೀಟ್ ಮಾಡಿದ್ದನ್ನ ನಾನು ಕೊಡಲ್ಲ. ಅದು ನಿನ್ನದಲ್ಲ, ನಂದು. ನಾನೇ ನಿನ್ನ ಕೈಲಿ ಬರೆಸಿದ್ದು."

"ಕೊಡದಿದ್ರೆ ಇಬ್ಬರೂ ಫೇಲು, ಗೊತ್ತಲ್ಲ."

"ಗೊತ್ತು. ಶುಕ್ರವಾರ ನಾಲ್ಕು ಗಂಟೆಗೆ ಕೊನೆ."

"ಹೆದರುಪುಕ್ಕಿ, ಇಷ್ಟು ಧೈರ್ಯ ಎಲ್ಲಿಂದ ತಂದೆ?" ಅಂದಳು. ಲಿಫ್ಟು ಎರಡು ಸಲ ಬಂದು ಹೋಯಿತು. ಕಾಗೆ ಚೀಲದಿಂದ ಮಡಚಿದ ಹಾಳೆ ತೆಗೆದಳು. "ಇಲ್ಲಿ ಕೂತು ಕೂತು ಒಂದಿಷ್ಟು ಗೀಚಿದೀನಿ. ಹೊಸದು. ನಿಂಗೆ ತೋರಿಸಬಾರದು ಅಂತಲೇ ಇದ್ದೆ. ಓದು. ಆದ್ರೆ ಸ್ಕೇಲು ಮುಟ್ಟಿದ್ರೆ ಕೈ ಮುರೀತೀನಿ."


ಸೆಪ್ಟೆಂಬರ್ ೧೧, ಗುರುವಾರ

ಲೈಬ್ರರಿ. ನಾಲ್ಕು ಸಲ ಬರೆದು ನಾಲ್ಕೂ ಹರಿದೆ. ಇದು ಐದನೆಯದು. ಇದನ್ನು ಫೋಟೋ ತೆಗೆದು ಅವಳಿಗೆ ಕಳಿಸುತ್ತೇನೆ.

ಕಾಗೆ,

ನಿನ್ನ ಹಾಳೆ ಓದಿದೆ. ಪೆನ್ಸಿಲ್ ದೂರ ಇಟ್ಟು ಒಂದು ಸಲ, ಹಿಡಿದುಕೊಂಡು ಇನ್ನೊಂದು ಸಲ. ಎಲ್ಲೂ ಗೆರೆ ಎಳೆದಿಲ್ಲ.

ನರ್ಸಮ್ಮ ನಿನ್ನನ್ನು "ನಿಮಗೆ ಅರ್ಥ ಆಗುತ್ತಲ್ಲ, ಏನಂತೆ ಅವರಿಗೆ?" ಎಂದು ಕೇಳುವ ಜಾಗ. ನೀನು ಹೀಗೆ ಬರೆದಿದ್ದೀಯ: 'ಮೊದಲ ಸಲ ನನಗೆ ಅರ್ಥವಾಗಲಿಲ್ಲ. ನೀರಂತೆ ಅಂದೆ. ನೀರು ಕೊಡುವಂತಿಲ್ಲ ಅಂದರು. ಹೀಗೆ ಅಪ್ಪ ಕೇಳದೇ ಇದ್ದ ನೀರೂ ಅಪ್ಪನಿಗೆ ಸಿಗಲಿಲ್ಲ.' ಇಲ್ಲಿ ನನಗೆ ನಗು ಬಂತು. ನಕ್ಕ ಮೇಲೆ ಉಸಿರು ಸಿಕ್ಕಿಹಾಕಿಕೊಂಡಿತು. ಪಕ್ಕದ ಮೇಜಿನವನು ತಿರುಗಿ ನೋಡಿದ. ಆ ಜಾಗ ನನಗೆ ಮಾಡಿದ್ದು ಇದು, ಹಾಗೇ ಬರೆದಿದ್ದೇನೆ.

ಅದರ ಹಿಂದಿನ ಪ್ಯಾರಾದಲ್ಲಿ ವಾರ್ಡಿನ ಗಡಿಯಾರ, ಕಿಟಕಿ, ಬಕೆಟ್ಟು ಎಲ್ಲ ಇದೆ. ಅಲ್ಲಿ ನನ್ನ ಮನಸ್ಸು ಆಚೀಚೆ ಹೋಯಿತು. ನನ್ನ ತಪ್ಪೂ ಇರಬಹುದು. ಅಲ್ಲಿ ಅಪ್ಪ ಎಲ್ಲಿದ್ದಾರೆ ಅಂತ ಹುಡುಕಿದೆ, ಕಾಣಲಿಲ್ಲ.

ಈಗ ಕಷ್ಟದ ಮಾತು. ಕೊನೆಯಲ್ಲಿ 'ಆದರೂ ನಂಬಿಕೆ ಇದೆ, ಅಪ್ಪ ಹೋರಾಟಗಾರ, ಎಲ್ಲವೂ ಸರಿಹೋಗುತ್ತದೆ' ಅಂತ ಇದೆ. ಇದು ನಿನ್ನ ದನಿಯಲ್ಲ. ಇದನ್ನು ಓದುವವಳು ನಾನು ಅಂತ ಗೊತ್ತಿದ್ದು, ನನಗೋಸ್ಕರ ಹಾಕಿದ್ದೀಯ ಅನ್ನಿಸಿತು. ಹಾಗಿದ್ದರೆ ನನಗೆ ಅದು ಬೇಡ. ನಿನಗೇ ಬೇಕಾಗಿದ್ದರೆ, ಆ ಬೆಂಚಿನ ಮೇಲೆ ಕೂತಾಗ ನಿಜಕ್ಕೂ ಹಾಗನ್ನಿಸಿದ್ದರೆ, ಇರಲಿ. ನಾನು ತಪ್ಪು ತಿಳಿದಿದ್ದರೆ ಸಂಕೋಚ ಬಿಟ್ಟು ಬೈದುಬಿಡು.

ಒಂದು ಕೇಳಬೇಕು. ಅಪ್ಪ ಏನು ಹೇಳುತ್ತಿದ್ದರು ಅಂತ ಈಗಲಾದರೂ ಗೊತ್ತಾಯಿತಾ? ಬರಹಕ್ಕಾಗಿ ಕೇಳುತ್ತಿಲ್ಲ. ಬರಹಕ್ಕಾಗಿಯೂ ಕೇಳುತ್ತಿದ್ದೇನೆ. ಎರಡನ್ನೂ ಬೇರೆ ಮಾಡಲು ನನಗೆ ಇನ್ನೂ ಬರುವುದಿಲ್ಲ.

ಅಮ್ಮನ ಪುಟವನ್ನು ನಾನು ಹೊಸದಾಗಿ ಬರೆದೆ. ಎರಡು ಪುಟ ಆಗಲಿಲ್ಲ, ಒಂದೇ ಪ್ಯಾರಾ. ಇದರ ಜೊತೆ ಕಳಿಸುತ್ತಿದ್ದೇನೆ. ಅಮ್ಮ ಸೇತುವೆಯ ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ತಟ್ಟಿ ಸದ್ದು ಕೇಳುತ್ತಾಳೆ; ಸದ್ದು ಬೇರೆಯಾದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾಳೆ. ರಜದಲ್ಲಿ ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಇಡೀ ದಿನ ಸೇತುವೆಗೆ ಕಿವಿ ಕೊಟ್ಟಿದ್ದಳು, ನಾನು ದಡದಲ್ಲಿ ಕೂತಿದ್ದೆ. ಅಷ್ಟೇ ಬರೆದಿದ್ದೇನೆ. ಓದಿದರೆ ಅಮ್ಮನಿಗೆ ನೋವಾಗುತ್ತದೆ. ನಿನಗೆ ಎಲ್ಲಿ ನಿದ್ದೆ ಬಂತು, ಎಲ್ಲಿ ಅಮ್ಮ ಒಳಗೆ ಬಂದಳು, ಬರಿ. ಬರಲೇ ಇಲ್ಲ ಅಂದರೂ ಬರಿ.

ನಾಳೆ ಕವರಿಗೆ ಮೂರರಲ್ಲಿ ಯಾವುದನ್ನು ಹಾಕಬೇಕು, ಮೊದಲಿನದೋ, ನೀಟ್ ಮಾಡಿದ್ದೋ, ಈ ಹೊಸದೋ, ನೀನೇ ಹೇಳಬೇಕು. ಮೊದಲಿನದು ಮೇಡಂ ಹತ್ತಿರ ಇದೆ. ನೀಟ್ ಮಾಡಿದ್ದೇ ಸಾಕು ಅಂತ ನೀನು ಮತ್ತೆ ಅಂದರೆ ಅದನ್ನೇ ಹಾಕುತ್ತೇನೆ, ನಾನು ಕೊಡಲ್ಲ ಅಂದದ್ದು ನನ್ನ ಮಾತಾಯಿತು, ನಿನ್ನದಲ್ಲ. ಇನ್ನೊಂದು ಸಲ ನಾನು ನಿನ್ನ ಪರವಾಗಿ ಆರಿಸುವುದಿಲ್ಲ. ನಾಲ್ಕು ಗಂಟೆಯವರೆಗೆ ಸ್ಟಾಫ್ ರೂಮಿನ ಬಾಗಿಲ ಹತ್ತಿರ ನಿಂತಿರುತ್ತೇನೆ.

ಅಪ್ಪ ಈಗ ಹೇಗಿದ್ದಾರೆ? ದಯವಿಟ್ಟು ಬೇಗ ಉತ್ತರ ಕೊಡು.